ಕಾಯಿ ಅಂಗಡಿ

ಹಾನಗಲ್ಲಿನ ಪೇಟೆಯಲ್ಲಿ ನಮ್ಮ ಮನೆಯನ್ನು ಯಾರೂ ಮನೆತನದ ಹೆಸರಿನಿಂದ ಕರೆಯುತ್ತಿರಲಿಲ್ಲ. ಕಾಯಿ ಅಂಗಡಿ ಅನ್ನುತ್ತಿದ್ದರು. ನಾವು ಕಾಯಿ ಮಾರುತ್ತಿರಲಿಲ್ಲ. ನಮ್ಮದು ಜವಳಿ ಅಂಗಡಿ. ಮನೆಯ ಪಡಸಾಲೆಯೇ ಅಂಗಡಿ. ಅಲ್ಲಿ ಬಿಳಿ ಹಾಸಿನ ಗಾದಿ, ಒರಗಲು ಲೋಡು, ಗೋಡೆಗೆ ಹಲಗೆಗಳ ಮೇಲೆ ಸೀರೆ, ಕುಬಸದ ಖಣ, ಧೋತರ. ಪಡಸಾಲೆಯಿಂದ ನಡುಮನೆಗೆ ಹೋಗುವ ಬಾಗಿಲಿಗೆ ದಪ್ಪನೆಯ ನೀಲಿ ಪರದೆ. ಪರದೆಯಾಚೆ ಅಡುಗೆಮನೆ, ದೇವರ ಕೋಣೆ, ಹಿತ್ತಿಲು, ಮತ್ತು ನಮ್ಮ ಅವ್ವ. ಈಚೆ ಅಪ್ಪ ಮತ್ತು ಅಪ್ಪನ ಮರಾಠಿ. ನಾನು ಎರಡೂ ಕಡೆ ಓಡಾಡಿಕೊಂಡಿದ್ದವಳು. ಬಾಲ್ಯ ಅಂದರೆ ನನಗೆ ಮೊದಲು ನೆನಪಾಗುವುದು ಆಟವಲ್ಲ, ತಿಂಡಿಯಲ್ಲ, ಆ ಪರದೆಯನ್ನು ಸರಿಸುವಾಗ ಬಾಯಿಯೊಳಗಿನ ಮಾತನ್ನೂ ಬದಲಿಸಿಕೊಳ್ಳಬೇಕಾಗಿದ್ದ ಅವಸರ. ಎಷ್ಟೋ ಸಲ ಮರೆತು ಅಪ್ಪನಿಗೆ ಕನ್ನಡದಲ್ಲಿ ಉತ್ತರ ಕೊಟ್ಟು, ಗಿರಾಕಿಗಳ ಮುಂದೆ ಅವನು ಕಣ್ಣು ಕೆಂಪಗೆ ಮಾಡಿದಾಗ ನೆಲ ನೋಡುತ್ತ ನಿಂತಿದ್ದೇನೆ.

ಅಪ್ಪನಿಗೆ ಮರಾಠಿ ಮನೆಯಿಂದ ಬಂದದ್ದಲ್ಲ. ನಮ್ಮದು ಅಚ್ಚ ಕನ್ನಡದ, ಲಿಂಗ ಕಟ್ಟಿದ ಮನೆತನ. ಅಪ್ಪನನ್ನು ಸಣ್ಣ ವಯಸ್ಸಿನಲ್ಲೇ ಸಾಂಗಲಿಯ ಕಡೆಗೆ ಒಂದು ದೊಡ್ಡ ಬಟ್ಟೆ ಅಂಗಡಿಗೆ ಕೆಲಸ ಕಲಿಯಲು ಬಿಟ್ಟಿದ್ದರಂತೆ. ಹೋದ ದಿನವೇ ಬಾಯಾರಿ "ನೀರು" ಅಂತ ಕೇಳಿದ್ದಕ್ಕೆ ಗಾದಿಯ ಮೇಲಿದ್ದವರೆಲ್ಲ ಆ ಶಬ್ದವನ್ನೇ ಎಳೆದೆಳೆದು ಅಂದು ನಕ್ಕರಂತೆ. ಇದನ್ನು ಅಪ್ಪ ನಮಗೆ ಹೇಳಿದವನಲ್ಲ. ಅಪ್ಪನ ತಾಯಿ ಸಾಯುವ ಮುಂಚೆ ಅವ್ವನಿಗೆ ಹೇಳಿದ್ದು, ಅವ್ವ ನನಗೆ ಹೇಳಿದ್ದು. ಅಲ್ಲಿಂದ ಬಂದು ಸ್ವಂತ ಅಂಗಡಿ ಹಾಕಿದಾಗ ಅವನ ತಲೆಯಲ್ಲಿ ಒಂದು ಮಾತು ಗಟ್ಟಿಯಾಗಿ ಕೂತಿತ್ತು. ವ್ಯಾಪಾರಕ್ಕೆ ಮರಾಠಿ, ಒಕ್ಕಲುತನಕ್ಕೆ ಕನ್ನಡ. ಮುಂಬಯಿಯ ಮಾಲು ಮರಾಠಿಯಲ್ಲಿ ಬರುತ್ತದೆ, ಹುಬ್ಬಳ್ಳಿಯ ದಲಾಲರು ಮರಾಠಿ ಮಾತಾಡುತ್ತಾರೆ, ಕಚೇರಿಯ ರಾವಸಾಹೇಬರೂ ಹಾಗೆಯೇ. ಹೀಗಾಗಿ ಅಂಗಡಿಯ ಮೇಲಿನ ಹೆಸರಿನ ಪಾಟಿ ಮರಾಠಿ, ಗಿರಾಕಿಯನ್ನು ಕರೆಯುವುದು ಮರಾಠಿ. ಊಟಕ್ಕೆ ಕೂತಾಗಲೂ ಸಾರು ಬಡಿಸು ಅನ್ನುವುದಕ್ಕೆ "ಆಮಟಿ ವಾಢ", ಸಾಕು ಅನ್ನುವುದಕ್ಕೆ "ಪುರೇ". ದೇವರ ಕೋಣೆಯಲ್ಲಿ ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತಾಗ ಮಾತ್ರ ಅವನ ಬಾಯಲ್ಲಿ ಕನ್ನಡ ಬರುತ್ತಿತ್ತು. ಇನ್ನೊಮ್ಮೆ ಬರುತ್ತಿದ್ದದ್ದು ಅವ್ವನ ಮೇಲೆ ಸಿಟ್ಟಿಗೆದ್ದಾಗ. ದೇವರಿಗೂ ಬೈಗುಳಕ್ಕೂ ಕನ್ನಡ, ಉಳಿದದ್ದಕ್ಕೆಲ್ಲ ಮರಾಠಿ. ಅವ್ವನಂತೂ ದೇವರಲ್ಲ, ಆದ್ದರಿಂದ ಅವಳ ಪಾಲಿಗೆ ಬಂದ ಕನ್ನಡ ಯಾವುದು ಅಂತ ಬಿಡಿಸಿ ಹೇಳಬೇಕಿಲ್ಲ.

ಅಪ್ಪ ಗಿರಾಕಿಗಳನ್ನು "ಯಾ, ಬಸಾ" ಅಂತ ಕರೆಯುತ್ತಿದ್ದ. ಬನ್ನಿ, ಕೂಡಿರಿ ಅಂತ ಅರ್ಥ. ನಮ್ಮ ಸೀಮೆಯಲ್ಲಿ ಓಣಿಗೆ ನಾಲ್ಕು ಜನ ಬಸಪ್ಪಗಳು. ಒಬ್ಬ ರೈತ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಮೋರೆ ಗಂಟು ಹಾಕಿಕೊಂಡು ಅಂದ:

"ನಾ ಬಸ್ಯಾ ಅಲ್ರಿ. ಬಸ್ಯಾ ಅಲ್ಲೆ ಚಕ್ಕಡಿ ಹತ್ರ ನಿಂತಾನ. ಕರೀಲೇನು?"

ಅದು ಹೇಗೋ ದಾಟಿ ಹೋಯಿತು. ದಾಟದೆ ಉಳಿದದ್ದು ಚಿಕ್ಕೇರೂರಿನ ಮುದುಕಿಯದು. ಸಂತೆಯ ದಿನ, ಅಂಗಡಿಯ ಮುಂದೆ ಜನವೋ ಜನ. ಮುದುಕಿ ಬಸುರಿ ಸೊಸೆಯನ್ನು ಕರೆದುಕೊಂಡು ಕುಬಸದ ಕಾರ್ಯಕ್ಕೆ ಹಸಿರು ಸೀರೆ ಕೊಳ್ಳಲು ಬಂದಿದ್ದಳು. ಅಪ್ಪ ರೂಢಿಯಂತೆ ಏನು ಬೇಕು ಅನ್ನುವುದಕ್ಕೆ ಮರಾಠಿಯಲ್ಲಿ "ಕಾಯ್ ಪಾಹಿಜೆ?" ಅಂತ ಕೇಳಿದ. ಮುದುಕಿ ಹಲಗೆಗಳನ್ನೆಲ್ಲ ಒಂದು ಸುತ್ತು ನೋಡಿ ಹೇಳಿದಳು:

"ಕಾಯಿ ಬ್ಯಾಡ್ರೀ ಸಾವ್ಕಾರ್ರ. ಕಾಯಿ ಮನ್ಯಾಗ ಅದಾವು. ಸೀರಿ ಬೇಕಾಗಿತ್ತು."

ಅಪ್ಪ ಮತ್ತೆ ಕೇಳಿದ, ಇನ್ನೂ ಗಟ್ಟಿಯಾಗಿ, "ಕಾಯ್ ಪಾಹಿಜೆ?" ಮುದುಕಿಯೂ ಗಟ್ಟಿಯಾದಳು.

"ಬ್ಯಾಡಂದ್ನೆಲ್ರೀ! ಸೀರಿ ಜೋಡಿ ಕಾಯಿ ತಗೋಬೇಕಂತ ನೇಮ ಐತೇನು ನಿಮ್ಮ ಅಂಗಡ್ಯಾಗ?"

ಸಂತೆಯ ಜನಕ್ಕೆ ಇಷ್ಟು ಸಾಕಾಯಿತು. ನಗೆ ಪೇಟೆಯ ಈ ತುದಿಯಿಂದ ಆ ತುದಿಗೆ ಹೋಯಿತು. ಮರುದಿನ ಯಾರೋ ಪುಂಡರು ನಿಜವಾಗಿ ಕಾಯಿ ಕೊಳ್ಳಲು ಬಂದವರ ಹಾಗೆ ಬಂದು, ಬಲಿತದ್ದು ಇದೆಯೇ, ಎಳೆಯದು ಇದೆಯೇ ಅಂತ ವಿಚಾರಿಸಿ ಹೋದರು. ಶಾಲೆಯಲ್ಲಿ ಹುಡುಗಿಯರು ನನಗೆ ಕಾಯಿಪಾಜಿ ಅಂತ ಹೆಸರಿಟ್ಟರು. ನಾನು ಮನೆಗೆ ಬಂದು ಅತ್ತೆ. ಅಪ್ಪ ನನ್ನ ತಲೆ ಸವರಿ, ಹಳ್ಳಿಯವರು ತಿಳಿಯದೆ ನಗುತ್ತಾರೆ, ನಾಲ್ಕು ದಿನ ಹೋದರೆ ಅವರೇ ಕಲಿಯುತ್ತಾರೆ ಅಂತ ಮರಾಠಿಯಲ್ಲಿ ಸಮಾಧಾನ ಹೇಳಿದ. ನನಗೆ ಸಮಾಧಾನವಾಗಲಿಲ್ಲ. ಅಪ್ಪನನ್ನು ನೋಡಿ ಊರು ನಗುತ್ತದೆ ಅನ್ನುವುದೊಂದು, ಊರು ನಗುವುದು ಸರಿಯಾಗಿಯೇ ಇದೆ ಅಂತ ನನಗೇ ಅನಿಸಿದ್ದು ಇನ್ನೊಂದು. ಎರಡನೆಯದು ಹೆಚ್ಚು ನಾಚಿಕೆಯದು. ಆಮೇಲೆ ಸಂತೆಯ ದಿನ ನಾನು ಪರದೆಯಿಂದ ಈಚೆ ಬರುವುದನ್ನೇ ಬಿಟ್ಟೆ.

ಎದುರಿಗೇ ಒಬ್ಬ ಶೇಟಜಿಯ ಜವಳಿ ಅಂಗಡಿ. ಮಾರವಾಡದಿಂದ ಬಂದವನು, ಅವನಿಗೆ ನಮ್ಮ ಮಾತು ಹುಟ್ಟಿನಿಂದ ಬಂದದ್ದಲ್ಲ. ಆದರೂ ಅವನ ಪಾಟಿಯ ಮೇಲೆ ದಪ್ಪ ದಪ್ಪ ಕನ್ನಡ ಅಕ್ಷರ, ಬಾಯಲ್ಲಿ ಮುರುಕಲು ಕನ್ನಡ. ಹೆಣ್ಣು ಗಂಡು ಅನ್ನುವ ಭೇದವೇ ಇಲ್ಲದ ಕನ್ನಡ.

"ಬಾ ಯಕ್ಕಾ, ಬಾ. ಯಾವಾಗ ಬಂದಾನ ನೀನು? ನಿನ್ನ ಎಮ್ಮಿ ಈದಾನೇನು?"

ಹೆಂಗಸರು ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಗುತ್ತಿದ್ದರು. ಅವನೂ ನಗುತ್ತಿದ್ದ. ನಕ್ಕವರು ಹಾಗೇ ಗಾದಿಯ ಮೇಲೆ ಕೂತು, ದಡಿ ಹೀಗಿರಲಿ, ಸೆರಗು ಹಾಗಿರಲಿ, ಮೈ ಬಣ್ಣ ದಾಳಿಂಬೆಯದಿರಲಿ ಅಂತ ಮನಸು ಬಿಚ್ಚಿ ಹೇಳಿ, ಕೈಯಲ್ಲಿ ಗಂಟು ಹಿಡಿದುಕೊಂಡೇ ಎದ್ದು ಹೋಗುತ್ತಿದ್ದರು. ನಮ್ಮ ಅಂಗಡಿಯನ್ನು ನೋಡಿಯೂ ನಗುತ್ತಿದ್ದರು, ಆದರೆ ಕೆಳಗೆ ರಸ್ತೆಯಲ್ಲಿ ನಿಂತು. ಅಪ್ಪನ ಮಾಲು ಶೇಟಜಿಯ ಮಾಲಿಗಿಂತ ಚಲೋ ಇತ್ತು. ಇದನ್ನು ಅಭಿಮಾನಕ್ಕೆ ಹೇಳುತ್ತಿಲ್ಲ, ಪೇಟೆಯಲ್ಲಿ ಎಲ್ಲರೂ ಒಪ್ಪುತ್ತಿದ್ದ ಮಾತು. ಆದರೆ ಹೆಂಗಸರು ಬಾಯಿ ಬಿಟ್ಟು ಕೇಳಲಾರದ ಅಂಗಡಿಯಲ್ಲಿ ಮಾಲು ಎಷ್ಟು ಚಲೋ ಇದ್ದರೇನು? ಹಲಗೆಗಳ ಮೇಲೆ ಧೂಳು ಕೂಡುತ್ತಿತ್ತು. ವರ್ಷದ ಕೊನೆಗೆ ಯಾರಿಗೂ ಬೇಡವಾಗಿ ಉಳಿದ ಸೀರೆಯನ್ನು ಅಪ್ಪ ದೀಪಾವಳಿಯ ಹಿಂದಿನ ದಿನ ಪರದೆಯ ಕೆಳಗಿನಿಂದ ಒಳಗೆ ಸರಿಸುತ್ತಿದ್ದ. ಒಂದು ವರ್ಷ ಬೂದಿ ಬಣ್ಣ, ಒಂದು ವರ್ಷ ತುಕ್ಕಿನ ಬಣ್ಣ. ಅವ್ವ ಬಿಚ್ಚಿ ನೋಡಿ, ಮಡಿಚಿ, "ಚಲೋ ಐತ್ರಿ" ಅನ್ನುತ್ತಿದ್ದಳು. ಜವಳಿ ಅಂಗಡಿಯ ಯಜಮಾನಿ, ತನಗೆ ಇಂಥ ಸೀರೆ ಬೇಕು ಅಂತ ಅಂದದ್ದನ್ನು ನಾನು ಕೇಳಿಲ್ಲ. ಅವಳನ್ನು ಯಾರೂ ಕೇಳಿದ್ದನ್ನೂ ಕಂಡಿಲ್ಲ.

ಅವ್ವನ ತವರು ಹಂಸಭಾವಿ. ಅವಳ ತಮ್ಮನ ಮದುವೆ ಗೊತ್ತಾಯಿತು ಅಂತ ಸುದ್ದಿ ಬಂದಾಗ ಅವ್ವನಿಗಿಂತ ಅಪ್ಪನಿಗೇ ಹೆಚ್ಚು ಸಂಭ್ರಮ. ಮದುವೆಯ ಜವಳಿ ಅಂದರೆ ಸಣ್ಣ ಮಾತಲ್ಲ. ಮದುಮಗಳ ಸೀರೆಗಳು, ಬೀಗರಿಗೆ, ಬಂಧುಗಳಿಗೆ, ಆಯಗಾರರಿಗೆ ಅಂತ ಚಕ್ಕಡಿ ತುಂಬುವ ಬಟ್ಟೆ. ಅದು ನಮ್ಮಲ್ಲಿಗೆ ಬಂದರೆ ಅಂಗಡಿ ಚೇತರಿಸಿಕೊಳ್ಳುತ್ತದೆ, ಪೇಟೆಯ ಬಾಯಿಯೂ ಮುಚ್ಚುತ್ತದೆ ಅಂತ ಅಪ್ಪನ ಲೆಕ್ಕಾಚಾರ. ಹುಬ್ಬಳ್ಳಿಯಿಂದ ಹೊಸ ಮಾಲು ತರಿಸಿದ. ಅವ್ವ ಒಳಗೆ ಕಡುಬಿಗೆ ಹೂರಣ ರುಬ್ಬಿದಳು, ಜೋಳದ ರೊಟ್ಟಿಯ ಜೊತೆ ಎಣ್ಣೆಗಾಯಿ ಬದನೆ ಮಾಡಿದಳು. ಅವರು ಬರುವ ದಿನ ಬೆಳಿಗ್ಗೆಯಿಂದ ಅವಳ ಕಿವಿ ಚಕ್ಕಡಿಯ ಸಪ್ಪಳದ ಮೇಲೆಯೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ಆಯಿ ಬಂದಳು, ನಮ್ಮ ಅವ್ವನ ತಾಯಿ. ಜೊತೆಗೆ ಮದುಮಗ, ನನ್ನ ಸೋದರಮಾವ. ಅಂಗಡಿಯ ಬಾಗಿಲಿನಿಂದಲ್ಲ, ಓಣಿಯನ್ನು ಸುತ್ತಿ ಹಿತ್ತಿಲ ಬಾಗಿಲಿನಿಂದ. ಮಾವನ ಹೆಗಲ ಮೇಲೊಂದು, ಕೈಯಲ್ಲೊಂದು ಬಟ್ಟೆಯ ಗಂಟು. ಗಂಟು ಕಟ್ಟಿದ್ದ ಅರಿವೆಯ ಮೇಲೆ ಶೇಟಜಿಯ ಅಂಗಡಿಯ ಮುದ್ರೆ ಇತ್ತು. ಅವ್ವ ಅದನ್ನು ನೋಡಿದಳು. ಕೈಕಾಲಿಗೆ ನೀರು ಕೊಟ್ಟು, ಗಂಟುಗಳನ್ನು ತಾನೇ ಇಸಿದುಕೊಂಡು ಧಾನ್ಯದ ಚೀಲಗಳ ಹಿಂದೆ ಸರಿಸಿಟ್ಟಳು. ತವರಿನ ತಪ್ಪನ್ನು ಗಂಡನ ಕಣ್ಣಿನಿಂದ ಮುಚ್ಚುತ್ತಿದ್ದಾಳೋ, ಗಂಡನ ಸೋಲನ್ನು ತವರಿನವರ ಕಣ್ಣಿನಿಂದ ಮುಚ್ಚುತ್ತಿದ್ದಾಳೋ ತಿಳಿಯಲಿಲ್ಲ. ಆದರೆ ಚೀಲ ಸಣ್ಣವು, ಗಂಟು ದೊಡ್ಡವು. ಅಪ್ಪ ಊಟಕ್ಕೆ ಒಳಗೆ ಬಂದವನು ಮೊದಲು ಕಂಡದ್ದು ಅವನ್ನೇ.

ಆಯಿ ತಾನಾಗಿಯೇ ಮಾತು ತೆಗೆದಳು. ಸಿಟ್ಟಿನಿಂದಲ್ಲ, ಮೆಲ್ಲಗೆ.

"ಅಳೇಂದ್ರ, ಮುಂಜಾನೆ ಮೊದಲ ನಿಮ್ಮ ಅಂಗಡಿ ಮೆಟ್ಲನ ಏರಿದ್ವಿ. ನಿಮ್ಮ ಹತ್ರ ಯಾರೋ ಕೋಟಿನವ್ರು ಕುಂತಿದ್ರು. ನೀವು ನನ್ನ ಮಾರಿ ನೋಡಿದ್ರಿ. ನೋಡಿ, ಕಾಯ್ ಪಾಯ್ಜೆ ಅಂದ್ರಿ."

"ನಾ ನೋಡ್ಲಿಲ್ರೀ ಅತ್ತಿ. ಗದ್ದಲಿತ್ತು" ಅಂದ ಅಪ್ಪ. ಪೂಜೆಯ ಹೊರಗೆ, ಸಿಟ್ಟಿಲ್ಲದೆ ಅವನು ಕನ್ನಡದಲ್ಲಿ ಆಡಿದ್ದರಲ್ಲಿ ನಾನು ಕೇಳಿದ ಮೊದಲ ಮಾತು ಅದು. ಅದೂ ಸುಳ್ಳು.

"ನೋಡಿದ್ರಿ" ಅಂದಳು ಆಯಿ. "ಇರ್ಲಿ ಬಿಡ್ರಿ. ಪರೂರವ್ರ ಮುಂದ ನಮ್ಮ ಮಾತು ಆಡಾಕ ನಿಮಗ ಹೆಂಗೋ ಆಗಿರಬೇಕು. ಆದ್ರ ನನಗ ಗಂಟಲಿನಿಂದ ಮಾತ ಹೊರಡ್ಲಿಲ್ಲ. ಮದುವಿ ಸೀರಿ, ನೂರು ಸಲ ಕೇಳಿ ತಗೊಳ್ಳೂದು. ಬಾಯಿ ಇಲ್ಲದಲ್ಲಿ ಹೆಂಗ ಕೇಳ್ಲಿ? ಇಳದು ಎದರಿಗೆ ಹೋದ್ವಿ."

ಆ ದಿನ ಅಂಗಡಿಯಲ್ಲಿ ಹುಬ್ಬಳ್ಳಿಯ ದಲಾಲ ಕೂತಿದ್ದದ್ದು ನಿಜ. ಅವನ ಮುಂದೆ ಅಪ್ಪ ತನ್ನ ಅತ್ತೆಯನ್ನು ಗುರುತಿಲ್ಲದ ಗಿರಾಕಿಯ ಹಾಗೆ ಕೇಳಿದ್ದ. ಅಪ್ಪನಿಗೆ ಮುಖ ಎತ್ತಲಾಗಲಿಲ್ಲ. ಮುಖ ಎತ್ತಲಾಗದ ಗಂಡಸು ಆ ಕಾಲದಲ್ಲಿ ಏನು ಮಾಡುತ್ತಿದ್ದನೋ ಅದನ್ನೇ ಅವನೂ ಮಾಡಿದ. ನನ್ನ ಕಡೆ ತಿರುಗಿ, ಅವರಿಗೆ ತಿಳಿಯದೆಂಬ ಧೈರ್ಯದಿಂದ, ಮರಾಠಿಯಲ್ಲಿ ಅಂದ:

"ಗಾಂವಠಿ ಲೋಕ್. ತ್ಯಾಂನಾ ಕಾಯ್ ಕಳಣಾರ್?"

ಹಳ್ಳಿ ಗಮಾರರು, ಅವರಿಗೇನು ತಿಳಿದೀತು ಅಂತ. ಆದರೆ ಗಾಂವಠಿ ಅನ್ನುವ ಮಾತು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದನ್ನು ನಾವು ಬೈಯಲು ಬಳಸುವುದಿಲ್ಲ, ತುಪ್ಪಕ್ಕೆ ಬಳಸುತ್ತೇವೆ. ಮನೆಯ ಎಮ್ಮೆಯದು, ಕಲಬೆರಕೆ ಇಲ್ಲದ್ದು ಗಾಂವಠಿ ತುಪ್ಪ. ಆಯಿ ಅಳಿಯನಿಗೆಂದು ಹಂಸಭಾವಿಯಿಂದ ಒಂದು ಗಡಿಗೆ ತುಪ್ಪ ತಂದಿದ್ದಳು. ಅವಳ ಮುಖ ಅರಳಿತು.

"ಹೌದ್ರಿ ಮತ್ತ! ಗಾಂವಠೀದ ಐತಿ. ನಮ್ಮ ಮನೀ ಎಮ್ಮೀದು, ನಾನ ಕಾಸೇನಿ. ವಾಸನಿಗೇ ತಿಳೀತೇನ್ರಿ ನಿಮಗ? ಹಾಕ್ಕೊಳ್ರಿ, ಇನ್ನಷ್ಟು ಹಾಕ್ಕೊಳ್ರಿ."

ಅವಳೇ ಎದ್ದು ಬಂದು ಅಪ್ಪನ ಕಡುಬಿನ ಮೇಲೆ ಧಾರೆಯಾಗಿ ತುಪ್ಪ ಸುರಿದಳು. ಅಪ್ಪ ಬೇಡ ಅನ್ನಲಿಲ್ಲ, ಪುರೇ ಅನ್ನಲಿಲ್ಲ. ತುಪ್ಪ ತಾಟಿನ ಅಂಚಿಗೆ ಬಂತು. ಅವ್ವ ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದಳು. ಅವಳು ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಬುಟ್ಟಿಯನ್ನು ಕೆಳಗಿಟ್ಟು ಹಿತ್ತಿಲಿಗೆ ಹೋದಳು. ಆಯಿ ನಿಜವಾಗಿ ತಪ್ಪು ತಿಳಿದಳೋ, ತಿಳಿದೇ ಅಳಿಯನ ಮಾನ ಉಳಿಸಿದಳೋ ನಾನು ಈ ವಯಸ್ಸಿನವರೆಗೂ ಯೋಚಿಸಿದ್ದೇನೆ. ತುಪ್ಪದ ಘಮ ಇಡೀ ನಡುಮನೆಯಲ್ಲಿ ತುಂಬಿತ್ತು. ಆ ಮರಾಠಿ ಮಾತು ಅಲ್ಲಿ ಪೂರ್ತಿ ತಿಳಿದದ್ದು ನನಗೊಬ್ಬಳಿಗೇ ಅಂದುಕೊಂಡಿದ್ದೆ. ಅಪ್ಪನ ಜೊತೆ ನಾನೂ ಸೇರಿ ಆಯಿಯನ್ನು ಬೈದ ಹಾಗೆ ಮೈಯೆಲ್ಲ ಹಿಡಿಯಾಯಿತು.

ಹೊರಡುವ ಮುಂಚೆ ಆಯಿ ಗಂಟು ಬಿಚ್ಚಿ ಅವ್ವನ ಉಡಿಯಲ್ಲಿ ಒಂದು ಸೀರೆ ಇಟ್ಟಳು. ಕುಸುಬೆ ಹೂವಿನ ಬಣ್ಣ, ಕಪ್ಪು ದಡಿ.

"ನಿನ್ನ ಮಗಳಿಗೆ ಯಾವ ಬಣ್ಣ ಸೇರತೈತಿ ಅಂತ ಶೇಟಜಿ ಕೇಳಿದ. ಸಣ್ಣಾಕಿ ಇದ್ದಾಗ ಕುಸಬಿ ಹೊಲದಾಗ ಹೂ ಹರಕೊಂಡ ಬಂದು ತಲಿತುಂಬ ಇಟಗೋತಿದ್ದಿ, ನೆನಪಾತು. ಅದ ಬಣ್ಣದ್ದ ತಗಿ ಅಂದೆ."

ಅವ್ವ ಮದುವೆಗೆ ಅದನ್ನೇ ಉಟ್ಟಳು. ಅಪ್ಪ ಬೇಡ ಅನ್ನಲಾರ, ಹೂಂ ಅನ್ನಲಾರ. ಜವಳಿ ವ್ಯಾಪಾರಿಯ ಹೆಂಡತಿ ಎದುರು ಅಂಗಡಿಯ ಸೀರೆ ಉಟ್ಟು ಚಪ್ಪರದ ತುಂಬ ಓಡಾಡಿದಳು. ಬೀಗರ ಕಡೆಯ ಹೆಂಗಸೊಬ್ಬಳು ಸೆರಗು ಹಿಡಿದು ನೋಡಿ, ಇಷ್ಟು ಚಂದದ ಬಣ್ಣ ನಿಮ್ಮ ಅಂಗಡಿಯದೇ ಏನು ಅಂತ ಕೇಳಿದಳು. ಅಪ್ಪ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದ.

"ಅಲ್ರಿ" ಅಂದಳು ಅವ್ವ. "ಇದು ಕೇಳಿ ತಂದದ್ದು."

ಹಂಸಭಾವಿಯಿಂದ ಬರುವಾಗ ಚಕ್ಕಡಿಯಲ್ಲಿ ದಾರಿಯುದ್ದಕ್ಕೂ ಅಪ್ಪ ಯಾವ ಭಾಷೆಯಲ್ಲೂ ಮಾತಾಡಲಿಲ್ಲ. ಊರಿಗೆ ಬಂದು ಕೆಲವು ದಿನಗಳಾದ ಮೇಲೆ ಪಾಟಿ ಬರೆಯುವವನನ್ನು ಕರೆಸಿ, ಮರಾಠಿ ಪಾಟಿಯನ್ನು ಇಳಿಸಿ, ಅದರ ಮೇಲೆಯೇ ಬಣ್ಣ ಹೊಡೆಸಿ ಕನ್ನಡದಲ್ಲಿ ಬರೆಸಿದ. ಹಳೆಯ ಅಕ್ಷರಗಳ ಉಬ್ಬು ಹೊಸ ಅಕ್ಷರಗಳ ಕೆಳಗೆ ಕಾಣುತ್ತಲೇ ಇತ್ತು. ಹಗಲು ಗಿರಾಕಿ ಇಲ್ಲದ ಹೊತ್ತಿನಲ್ಲಿ ಲೋಡಿನ ಕಡೆ ಮುಖ ಮಾಡಿ ಅಪ್ಪ ತುಟಿಯಲ್ಲೇ "ಬರ್ರಿ, ಕುಂದರ್ರಿ" ಅಂದುಕೊಳ್ಳುವುದು ಪರದೆಯ ಸಂದಿನಿಂದ ನನಗೆ ಕಾಣುತ್ತಿತ್ತು. ತಾಯಿಯ ಎದೆಹಾಲಿನೊಂದಿಗೆ ಬಂದ ಮಾತನ್ನು ಅಷ್ಟು ವಯಸ್ಸಿನ ಗಂಡಸು ಕದ್ದು ಬಾಯಿಪಾಠ ಮಾಡುವುದನ್ನು ನೋಡಬಾರದಿತ್ತು. ನನಗೆ ಅವನ ಮೇಲೆ ಇದ್ದ ಸಿಟ್ಟೆಲ್ಲ ಇಳಿದು ಹೋಯಿತು.

ಪಾಟಿ ಏರಿಸಿದ ಬೆಳಿಗ್ಗೆ ಅಪ್ಪ ಪೂಜೆ ಮುಗಿಸಿ, ಹಣೆತುಂಬ ವಿಭೂತಿ ಹಚ್ಚಿಕೊಂಡು ಗಾದಿಯ ಮೇಲೆ ಕೂತ. ಹೊಸ ಮಾಲೆಲ್ಲ ಎದುರಿಗೆ ಹರಡಿಕೊಂಡಿದ್ದ. ನನ್ನನ್ನು ಕರೆದು ಹೇಳಿದ:

"ಗಂಗೂ, ನಿಮ್ಮವ್ವನ್ನ ಕರಿ. ಪರದಿ ಕಡಿಂದ ಬ್ಯಾಡ, ಮುಂದಿನ ಬಾಗಲದಿಂದ ಬಾ ಅನ್ನು. ಬೋಣಿಗಿ ಇವತ್ತ ಆಕೀ ಕೈಲೆ ಆಗ್ಲಿ."

ಬೋಣಿಗೆ ಅಂದರೆ ದಿನದ ಮೊದಲ ವ್ಯಾಪಾರ. ಮೊದಲ ಗಿರಾಕಿ ಬೇಡ ಅಂದು ಎದ್ದರೆ ದಿನವಿಡೀ ಕೆಟ್ಟಿತು ಅನ್ನುತ್ತಾರೆ, ಅದು ಅಪ್ಪನಿಗೆ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು. ಅವ್ವ ಹಿಟ್ಟಿನ ಕೈ ತೊಳೆದು, ಕುಸುಬೆ ಬಣ್ಣದ ಸೀರೆ ಉಟ್ಟು, ಹಿತ್ತಿಲಿನಿಂದ ಓಣಿಗೆ ಇಳಿದು, ಪೇಟೆಯ ರಸ್ತೆಗೆ ಬಂದು, ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಮೊದಲ ಸಲ ಅಂಗಡಿಯ ಮೆಟ್ಟಿಲು ಏರಿದಳು. ಎದುರಿಗೆ ಶೇಟಜಿ ತನ್ನ ಗಾದಿಯಿಂದ ಎದ್ದು ನಿಂತು ನೋಡುತ್ತಿದ್ದ. ಅಪ್ಪ ಹೆಂಡತಿಗೆ ಯಾವತ್ತೂ ರೀ ಹಚ್ಚಿ ಮಾತಾಡಿದವನಲ್ಲ. ಆ ದಿನ ಹಚ್ಚಿದ.

"ಬರ್ರಿ. ಕುಂದರ್ರಿ. ಏನ್ ಬೇಕ್ರಿ ನಿಮಗ?"

ಅವ್ವ ಕೂಡಲಿಲ್ಲ. ಹರಡಿದ ಸೀರೆಗಳನ್ನು ಒಂದೊಂದಾಗಿ ನೋಡಿದಳು. ಅವಳ ಕಣ್ಣು ಎರಡು ಕಡೆ ನಿಂತದ್ದು ನನಗೆ ಗೊತ್ತು. ಅಪ್ಪನಿಗೂ ಗೊತ್ತಾಗಿ, ಅವನ ಕೈ ಅತ್ತ ಚಾಚಿತು. ಆಗ ಅವ್ವ ಅಪ್ಪನ ಮುಖವನ್ನು ನೇರ ನೋಡಿ, ಒಂದೂ ಅಕ್ಷರ ತೊದಲದೆ, ಸಾಂಗಲಿಯವರೂ ನಗಲಾರದಂಥ ಮರಾಠಿಯಲ್ಲಿ ಅಂದಳು:

"ಮಲಾ ಕಾಹೀ ನಕೋ."

ನನಗೆ ಏನೂ ಬೇಡ. ಪರದೆಯ ಆಚೆ ರೊಟ್ಟಿ ಬಡಿಯುತ್ತ, ತಾಟು ತೊಳೆಯುತ್ತ ಅವಳು ಅಷ್ಟು ವರ್ಷ ಪ್ರತಿ ಮಾತನ್ನೂ ಕೇಳಿದ್ದಳು, ಪ್ರತಿ ಮಾತೂ ಅವಳಿಗೆ ತಿಳಿದಿತ್ತು. ಗಾಂವಠಿ ಲೋಕ್ ಅಂದದ್ದೂ ತಿಳಿದಿತ್ತು. ಅಪ್ಪನ ಚಾಚಿದ ಕೈ ಸೀರೆಗಳ ಮೇಲೆ ಹಾಗೇ ಬಿತ್ತು. ಅವ್ವ ಬಂದ ದಾರಿಯಲ್ಲೇ ಮೆಟ್ಟಿಲು ಇಳಿದು, ಓಣಿಯನ್ನು ಸುತ್ತಿ ಹಿತ್ತಿಲಿಗೆ ಹೋದಳು. ನಾನು ಪರದೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಇಬ್ಬರಲ್ಲಿ ಯಾರ ಮುಖ ನೋಡುವುದಕ್ಕೂ ಆಗದೆ ಬಾಗಿಲಲ್ಲೇ ನಿಂತೆ.

ಆ ವರ್ಷದಿಂದ ನಮ್ಮ ಅಂಗಡಿಗೆ ಹೆಂಗಸರು ಬರತೊಡಗಿದರು ಅನ್ನುವುದು ಸುಳ್ಳಲ್ಲ. ಚಿಕ್ಕೇರೂರಿನಿಂದ ಬಂದರು, ಸವಣೂರಿನಿಂದ ಎಲೆ ಮಾರಲು ಬಂದವರು ತಿರುಗಿ ಹೋಗುವಾಗ ಮೆಟ್ಟಿಲು ಹತ್ತಿದರು. ಆ ಮುದುಕಿಯೂ ಸೊಸೆಯ ಕೂಸನ್ನು ಎತ್ತಿಕೊಂಡು ಬಂದಳು. ಕಾಯಿ ಅಂಗಡಿ ಅನ್ನುವ ಹೆಸರು ಹೋಗಲಿಲ್ಲ, ಆದರೆ ಈಗ ಅದನ್ನು ಅಂಗಡಿಯ ಒಳಗೇ ಕೂತು ಅನ್ನುತ್ತಿದ್ದರು. ಅಪ್ಪ ಎಮ್ಮೆಯ ಸುದ್ದಿ ಕೇಳಲೂ ಕಲಿತ. ಬಂದವರನ್ನೆಲ್ಲ, ಬಡವಿ ಇರಲಿ ಸಾವ್ಕಾರ್ತಿ ಇರಲಿ, ಏನ್ ಬೇಕ್ರಿ ಯವ್ವಾ ಅಂತ ಕೇಳುತ್ತಿದ್ದ. ಹಾಗೆ ಕೇಳಿದಾಗಲೆಲ್ಲ ಒಳಗೆ ರೊಟ್ಟಿ ಬಡಿಯುವ ಸಪ್ಪಳ ಒಂದು ಕ್ಷಣ ನಿಲ್ಲುತ್ತಿತ್ತು. ಅಪ್ಪನೂ ನಿಲ್ಲುತ್ತಿದ್ದ. ಆಮೇಲೆ ಒಳಗೆ ರೊಟ್ಟಿ ಮತ್ತೆ ಸುರುವಾಗುತ್ತಿತ್ತು, ಅಪ್ಪ ಗಿರಾಕಿಗೆ ಸೀರೆ ಬಿಚ್ಚುತ್ತಿದ್ದ.